ಅಂಗಾಲಿಗೆ ಅಂಗಾಲು ಕೊಟ್ಟು ನಿಂತವರು

ಇಬ್ಬರಲ್ಲಿ ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬನದು ತೀರ ಉಲ್ಟಾ ಎನ್ನುವುದಕ್ಕೆ ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಎಣ್ಣೆ-ಸೀಗೆಕಾಯಿ, ಹಾವು-ಮುಂಗುಸಿ, ಇವನು ಏತಿ ಎಂದರೆ ಅವನು ಪ್ರೇತಿ, ಇವನದು ಉತ್ತರ ಅವನದು ದಕ್ಷಿಣ. ಇವುಗಳಲ್ಲಿ ಹೆಚ್ಚಿನವು ಅಡುಗೆಮನೆ, ಹಿತ್ತಿಲು, ಹೊಲಗಳಿಂದ ಬಂದಂಥವು. ಇಂಗ್ಲಿಷಿನಲ್ಲಿ ಇದೇ ಅರ್ಥಕ್ಕೆ ಬಳಕೆಯಾಗುವ 'ಆಂಟಿಪೊಡೀಸ್' ಎಂಬ ಪದ ಮಾತ್ರ ಮನೆಯ ಸುತ್ತಮುತ್ತ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಭೂಮಿಯ ಆಕಾರದ ಬಗೆಗಿನ ಒಂದು ಚರ್ಚೆಯಲ್ಲಿ. ಎರಡು ಸಾವಿರ ವರ್ಷ ಅದರ ಬೆನ್ನಿಗೆ ಅಂಟಿಕೊಂಡು ಬಂದ ಪ್ರಶ್ನೆಯೂ ಚಿಕ್ಕದಲ್ಲ: ನಮ್ಮ ಕಾಲಡಿಯ ಆಚೆ ಬದಿಯಲ್ಲಿ ಯಾರಾದರೂ ಇದ್ದರೆ, ಅವರು ಮನುಷ್ಯರೇ?

ಪದ ಗ್ರೀಕ್ ಭಾಷೆಯದು. 'ಆಂಟಿ' ಎಂದರೆ ಎದುರು, 'ಪೌಸ್' ಎಂದರೆ ಪಾದ. ಸಂಸ್ಕೃತದ ಪಾದ ಶಬ್ದಕ್ಕೆ ಇದು ದೂರದ ದಾಯಾದಿಯೇ. ಎರಡೂ ಸೇರಿದರೆ 'ಎದುರು ಪಾದದವರು'. ಅಂದರೆ ಭೂಮಿಯ ಒಂದು ಬದಿಯಲ್ಲಿ ನಾವು ನಿಂತಿದ್ದರೆ, ನಮ್ಮ ಅಂಗಾಲಿಗೆ ಅಂಗಾಲು ಕೊಟ್ಟು, ನಡುವೆ ಇಡೀ ಭೂಮಿಯನ್ನೇ ಇಟ್ಟುಕೊಂಡು ಇನ್ನೊಂದು ಬದಿಯಲ್ಲಿ ನಿಂತವರು. ಮೊದಲಿಗೆ ಇದು ಜನರ ಹೆಸರು. ಆಮೇಲೆ ಆ ಜನರಿರುವ ಜಾಗದ ಹೆಸರಾಯಿತು. ಕೊನೆಗೆ ಯಾವುದೇ ಎರಡು ತದ್ವಿರುದ್ಧ ಸಂಗತಿಗಳಿಗೆ ಅನ್ವಯಿಸುವ ಮಾತಾಯಿತು.

ಈ ಪದ ಮೊದಲಿಗೆ ಕಾಣಿಸಿಕೊಳ್ಳುವುದು ಪ್ಲೇಟೋನ 'ಟಿಮೇಯಸ್' ಗ್ರಂಥದಲ್ಲಿ, ಕ್ರಿ.ಪೂ. 4ನೇ ಶತಮಾನದಲ್ಲಿ. ಪ್ಲೇಟೋನಿಗೆ ಆಚೆ ಬದಿಯ ಜನರ ಬಗ್ಗೆ ಅಂಥ ಆಸಕ್ತಿ ಇದ್ದಂತಿಲ್ಲ. ಅವನು ಹೇಳಹೊರಟಿದ್ದು ಮೇಲೆ-ಕೆಳಗೆ ಎನ್ನುವ ಮಾತುಗಳೇ ಪೊಳ್ಳು ಎಂಬುದನ್ನು. ಒಂದು ಗುಂಡಗಿನ ವಸ್ತುವಿನ ಸುತ್ತ ಒಬ್ಬನೇ ಮನುಷ್ಯ ನಡೆದುಕೊಂಡು ಹೋದರೆ ಅವನು ಮತ್ತೆ ಮತ್ತೆ ತನಗೆ ತಾನೇ ಎದುರು ಪಾದದವನಾಗುತ್ತಾನೆ. ಮೊದಲು 'ಮೇಲೆ' ಎಂದ ಜಾಗವನ್ನೇ ಆಮೇಲೆ 'ಕೆಳಗೆ' ಎನ್ನುತ್ತಾನೆ ಎಂಬುದು ಅವನ ವಾದ. ತದ್ವಿರುದ್ಧಕ್ಕೆ ಇಂದು ಬಳಸುವ ಪದವು ಹುಟ್ಟಿನಲ್ಲಿ ವಿರೋಧವೇ ಇಲ್ಲ ಎಂದು ಹೇಳಲು ಬಂದದ್ದು ಎಂಬುದು ಸ್ವಾರಸ್ಯದ ಸಂಗತಿ.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಚಂದ್ರಗ್ರಹಣದಲ್ಲಿ ಬೀಳುವ ದುಂಡು ನೆರಳನ್ನು ತೋರಿಸಿ ಭೂಮಿ ಗೋಳವೆಂದು ವಾದಿಸಿದ. ಭಾರವಾದ ವಸ್ತುಗಳೆಲ್ಲ ಕೇಂದ್ರದ ಕಡೆಗೇ ಹೋಗುತ್ತವೆ ಎಂದೂ ಹೇಳಿದ. ಅಲ್ಲಿಗೆ ಆಚೆ ಬದಿಯವರು ಕೆಳಗೆ ಬಿದ್ದುಹೋಗುವ ಭಯ ತತ್ತ್ವಜ್ಞಾನಿಗಳ ಮಟ್ಟಿಗೆ ಮುಗಿದಂತಾಯಿತು. ಕ್ರಿ.ಪೂ. 2ನೇ ಶತಮಾನದಲ್ಲಿ ಪರ್ಗಮಮ್ ನಗರದ ವಿದ್ವಾಂಸ ಕ್ರೇಟಿಸ್ ಎಂಬಾತ ದೊಡ್ಡದೊಂದು ಗೋಳವನ್ನೇ ಮಾಡಿ, ಅದರ ಮೇಲೆ ಸಮುದ್ರಗಳಿಂದ ಬೇರ್ಪಟ್ಟ ನಾಲ್ಕು ಭೂಭಾಗಗಳನ್ನು ಗುರುತಿಸಿದ. ಒಂದು ಗ್ರೀಕರಿಗೆ ಗೊತ್ತಿದ್ದ ಜಗತ್ತು. ಅದಕ್ಕೆ ನೇರ ಹಿಂಬದಿಯದು ಎದುರು ಪಾದದವರದು. ಇದೇ ಕ್ರೇಟಿಸ್ ರಾಯಭಾರಿಯಾಗಿ ರೋಮ್ ನಗರಕ್ಕೆ ಹೋದಾಗ ಬಾಯಿ ತೆರೆದಿದ್ದ ಚರಂಡಿಯೊಂದಕ್ಕೆ ಬಿದ್ದು ಕಾಲು ಮುರಿದುಕೊಂಡನಂತೆ. ಗುಣವಾಗುವವರೆಗೆ ಸುಮ್ಮನೆ ಕೂರಲಾರದೆ ಅವನು ಕೊಟ್ಟ ಉಪನ್ಯಾಸಗಳಿಂದಲೇ ರೋಮನರಿಗೆ ವ್ಯಾಕರಣದ ಅಭ್ಯಾಸ ಹತ್ತಿತು ಎಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿಟ್ಟಿದ್ದಾನೆ. ಜಗತ್ತಿನ ಆಚೆ ಬದಿಯ ಪಾದಗಳನ್ನು ಲೆಕ್ಕ ಹಾಕಿದವನಿಗೆ ತನ್ನ ಪಾದದ ಮುಂದಿನ ಗುಂಡಿ ಕಾಣಲಿಲ್ಲ.

ರೋಮನರ ಕಾಲಕ್ಕೆ ಇದು ಪಂಡಿತರಿಗೂ ಪಾಮರರಿಗೂ ನಡುವಿನ ಜಗಳವಾಗಿತ್ತು. ಆಚೆಯವರು ಏಕೆ ಬೀಳುವುದಿಲ್ಲ ಎಂದು ಜನ ಕೇಳುತ್ತಾರೆ, ನಾವೇಕೆ ಬೀಳುತ್ತಿಲ್ಲ ಎಂದು ಅವರೂ ಅಚ್ಚರಿಪಡುತ್ತಿರಬಹುದಲ್ಲ ಎಂಬ ಅರ್ಥದ ಮಾತನ್ನು ಪ್ಲಿನಿ ಕ್ರಿ.ಶ. 1ನೇ ಶತಮಾನದಲ್ಲಿ ಆಡಿದ್ದಾನೆ. ಆ ಮಾತಿಗೆ ಇಂದಿಗೂ ಹೊಸದಾಗಿ ಸೇರಿಸುವಂಥದ್ದು ಹೆಚ್ಚೇನಿಲ್ಲ.

ಕದಂಬ ಪುಷ್ಪದ ಉಪಮೆ

ಇದೇ ಪ್ರಶ್ನೆ ಭಾರತದ ಜ್ಯೋತಿಷಿಗಳನ್ನೂ ಕಾಡಿತ್ತು. ಇಲ್ಲಿಯ ಪುರಾಣಗಳ ಭೂಮಿ ಮೇರು ಪರ್ವತವನ್ನು ನಡುವಿಟ್ಟುಕೊಂಡ ಚಪ್ಪಟೆ ಭೂಮಿ. ಅದರ ಕೆಳಗೆ ಅತಳ, ವಿತಳ, ಪಾತಾಳ. ಆದರೆ ಗ್ರಹಣ ಲೆಕ್ಕ ಹಾಕಬೇಕಾದವರಿಗೆ ಚಪ್ಪಟೆ ಭೂಮಿಯಿಂದ ಕೆಲಸ ನಡೆಯುವಂತಿರಲಿಲ್ಲ. ಕ್ರಿ.ಶ. 499ರ 'ಆರ್ಯಭಟೀಯ'ದ ಗೋಳಪಾದದಲ್ಲಿ ಆರ್ಯಭಟ ಭೂಮಿಯನ್ನು ಕದಂಬ ಹೂವಿಗೆ ಹೋಲಿಸುತ್ತಾನೆ. ಬನವಾಸಿಯ ಅರಸರಿಗೆ ಹೆಸರು ಕೊಟ್ಟ ಆ ಮರದ ಹೂವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆಂಡಿನಂಥ ದುಂಡು ಹೂವು, ಅದರ ಮೈತುಂಬ ಎಲ್ಲ ದಿಕ್ಕಿಗೂ ಮುಖ ಮಾಡಿ ನಿಂತ ಎಸಳುಗಳು. ಭೂಮಿಯ ಮೇಲಿನ ಜೀವಿಗಳೂ ಹೀಗೆಯೇ ಸುತ್ತಲೂ ಇದ್ದಾವೆ ಎಂಬುದು ತಾತ್ಪರ್ಯ. ಯಾವ ಎಸಳು ಮೇಲಿನದು, ಯಾವುದು ಕೆಳಗಿನದು ಎಂದು ಹೂವಿನಲ್ಲಿ ಯಾರೂ ಕೇಳುವುದಿಲ್ಲ.

ಭೂಮಧ್ಯರೇಖೆಯ ಮೇಲೆ ಸಮ ಅಂತರದಲ್ಲಿ ನಾಲ್ಕು ನಗರಗಳನ್ನು ಈ ಜ್ಯೋತಿಷಿಗಳು ಕಲ್ಪಿಸಿಕೊಂಡಿದ್ದರು: ಲಂಕೆ, ಅದರ ಪೂರ್ವಕ್ಕೆ ಯಮಕೋಟಿ, ಪಶ್ಚಿಮಕ್ಕೆ ರೋಮಕ, ನೇರ ಆಚೆ ಬದಿಗೆ ಸಿದ್ಧಪುರ. ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಸಿದ್ಧಪುರದಲ್ಲಿ ಮುಳುಗುತ್ತಾನೆ. 'ಸೂರ್ಯಸಿದ್ಧಾಂತ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಪ್ರಕಾರ ದೇವತೆಗಳಿರುವುದು ಉತ್ತರ ಧ್ರುವದಲ್ಲಿ, ಅಸುರರಿರುವುದು ದಕ್ಷಿಣ ಧ್ರುವದಲ್ಲಿ. ಇಬ್ಬರೂ ಇನ್ನೊಬ್ಬರು ತಮ್ಮ ಕೆಳಗಿದ್ದಾರೆಂದೇ ತಿಳಿದಿರುತ್ತಾರೆ. ಲಂಕೆಯವರೂ ಸಿದ್ಧಪುರದವರೂ ಅಷ್ಟೇ. ಎಲ್ಲರಿಗೂ ತಾವಿರುವ ಜಾಗವೇ ಮೇಲು. ಆಕಾಶದಲ್ಲಿರುವ ಗೋಳಕ್ಕೆ ಮೇಲೆಂಬುದೆಲ್ಲಿ, ಕೆಳಗೆಂಬುದೆಲ್ಲಿ ಎಂದು ಗ್ರಂಥ ಕೇಳುತ್ತದೆ. ದೇವ-ದಾನವರ ಹೆಸರು ಹಿಡಿದು ಹೇಳಿದ ಈ ಮಾತು ಧೈರ್ಯದ್ದೇ ಸರಿ.

1114ರಲ್ಲಿ ಹುಟ್ಟಿ, 1150ರಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದ ಎರಡನೆಯ ಭಾಸ್ಕರಾಚಾರ್ಯನ ಉಪಮೆ ಮತ್ತೂ ಸೊಗಸಾದದ್ದು. ಈತ ತನ್ನ ಊರನ್ನು ವಿಜ್ಜಡವಿಡ ಎಂದು ಕರೆದುಕೊಂಡಿದ್ದಾನೆ. ಅದು ಇಂದಿನ ವಿಜಯಪುರ ಎನ್ನುವವರಿದ್ದಾರೆ, ಮಹಾರಾಷ್ಟ್ರದಲ್ಲಿತ್ತು ಎನ್ನುವವರೂ ಇದ್ದಾರೆ. ಆ ವಾದ ಇಲ್ಲಿಗೆ ಬೇಡ. ಕೆರೆಯ ದಡದಲ್ಲಿ ನಿಂತವನ ನೆರಳು ನೀರಿನಲ್ಲಿ ತಲೆಕೆಳಗಾಗಿ ಕಾಣುವ ಹಾಗೆ ಆಚೆ ಬದಿಯ ಜನ ನಮಗೆ ತಲೆಕೆಳಗಾದವರು, ಆದರೆ ನಾವು ಇಲ್ಲಿ ಎಷ್ಟು ನಿರಾಳವಾಗಿ ನಿಂತಿದ್ದೇವೋ ಅವರೂ ಅಲ್ಲಿ ಅಷ್ಟೇ ನಿರಾಳವಾಗಿ ನಿಂತಿದ್ದಾರೆ ಎನ್ನುತ್ತಾನೆ ಆತ. ಭೂಮಿ ಕೆಳಕ್ಕೆ ಬೀಳುತ್ತಲೇ ಇದೆ ಎಂದು ವಾದಿಸುತ್ತಿದ್ದ ಬೌದ್ಧರಿಗೆ ಅವನ ಉತ್ತರ ಒಂದು ಮರುಪ್ರಶ್ನೆ: ಸುತ್ತಲೂ ಆಕಾಶ ಒಂದೇ ಸಮನಾಗಿರುವಾಗ ಅದು ಬೀಳುವುದಾದರೂ ಎಲ್ಲಿಗೆ?

ಪುರಾಣ ಹೇಳುವವರು ಈ ವಾದಕ್ಕೆ ಒಪ್ಪಲಿಲ್ಲ. ಜ್ಯೋತಿಷಿಗಳು ಬಿಡಲೂ ಇಲ್ಲ. ಎರಡೂ ಅಕ್ಕಪಕ್ಕದಲ್ಲೇ ಬಹುಕಾಲ ಬಾಳಿದವು. ಯುರೋಪಿನಲ್ಲಿ ವಿಷಯ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಅಲ್ಲಿ ಈ ಪದ ಒಬ್ಬನ ಪಾದ್ರಿಗಿರಿಯನ್ನೇ ಕಳೆಯುವ ಹಂತಕ್ಕೆ ಹೋಯಿತು.

ಆದಮನ ಮಕ್ಕಳ ಲೆಕ್ಕ

4ನೇ ಶತಮಾನದ ಆರಂಭದಲ್ಲಿ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಎದುರು ಪಾದದವರನ್ನು ಚೆನ್ನಾಗಿ ಲೇವಡಿ ಮಾಡಿದ. ತಲೆಗಿಂತ ಹೆಜ್ಜೆ ಮೇಲಿರುವ ಜನ, ಕೆಳಮುಖವಾಗಿ ಬೆಳೆಯುವ ಪೈರು, ಮೇಲ್ಮುಖವಾಗಿ ಸುರಿಯುವ ಮಳೆ ಇದ್ದಾವೆಂದು ನಂಬುವ ದಡ್ಡರಿದ್ದಾರೆಯೇ ಎಂಬುದು ಅವನ ಧಾಟಿ. ಅವನ ಈ ಮಾತು ಎಷ್ಟು ಕಾಲ ನೆನಪಿನಲ್ಲಿ ಉಳಿಯಿತೆಂದರೆ, 1543ರಲ್ಲಿ ಕೊಪರ್ನಿಕಸ್ ತನ್ನ ಗ್ರಂಥವನ್ನು ಪೋಪರಿಗೆ ಅರ್ಪಿಸುವಾಗ, ಭೂಮಿಯ ಆಕಾರದ ಬಗ್ಗೆ ಲ್ಯಾಕ್ಟಾಂಟಿಯಸ್ ಎಳೆಮಗುವಿನಂತೆ ಮಾತಾಡಿದ್ದಾನೆ ಎಂದು ಕುಟುಕಿದ್ದಾನೆ.

ಸಂತ ಅಗಸ್ಟೀನ್ ಅಷ್ಟು ಹಗುರ ಮನುಷ್ಯನಲ್ಲ. 5ನೇ ಶತಮಾನದ ಆರಂಭದಲ್ಲಿ ಬರೆದ 'ದೇವನಗರ' ಗ್ರಂಥದಲ್ಲಿ ಅವನ ತಕರಾರು ಭೂಮಿ ಗುಂಡಗಿರುವುದರ ಬಗ್ಗೆ ಅಲ್ಲ. ಗುಂಡಗಿದ್ದರೂ ಇರಲಿ, ಆಚೆ ಬದಿಯಲ್ಲಿ ನೆಲವಿದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. ನೆಲವಿದ್ದರೂ ಜನರಿದ್ದಾರೆಂದು ಸಿದ್ಧವಾಗುವುದಿಲ್ಲ. ಮನುಷ್ಯರೆಲ್ಲ ಆದಮನ ಸಂತಾನ. ಆ ಮಹಾಸಾಗರವನ್ನು ದಾಟಿ ಆದಮನ ಮಕ್ಕಳು ಅಲ್ಲಿಗೆ ಹೋಗಿ ನೆಲೆಸಿದರೆನ್ನುವುದು ನಂಬಲಾಗದ ಮಾತು. ಆದ್ದರಿಂದ ಅಲ್ಲಿ ಯಾರೂ ಇಲ್ಲ. ಇದು ಅವನ ತರ್ಕ. ನಡುವೆ ಯಾರೂ ದಾಟಲಾಗದ ಉರಿಬಿಸಿಲಿನ ವಲಯವೊಂದಿದೆ ಎಂದು ಗ್ರೀಕರು ಹೇಳಿಟ್ಟದ್ದೂ ಇದಕ್ಕೆ ಬಲ ಕೊಟ್ಟಿತು.

ಈ ತರ್ಕದ ಬಾಲದಲ್ಲಿದ್ದ ವಿಷವನ್ನು ಗಮನಿಸಬೇಕು. ಆಚೆ ಬದಿಯಲ್ಲಿ ಜನರಿಲ್ಲ ಎಂದರೆ ಚಿಂತೆಯಿಲ್ಲ. ಒಂದು ವೇಳೆ ಇದ್ದೇ ಬಿಟ್ಟರೆ? ಆಗ ಅವರು ಆದಮನ ಮಕ್ಕಳಲ್ಲ. ಆದಮನ ಮಕ್ಕಳಲ್ಲದಿದ್ದರೆ ಅವರಿಗೆ ಪಾಪವಿಲ್ಲ, ಮೋಕ್ಷವೂ ಇಲ್ಲ. ಅವರು ಮನುಷ್ಯರೇ ಅಲ್ಲ.

ಈ ಇಕ್ಕಟ್ಟಿಗೆ ಸಿಕ್ಕಿದವನು ಐರ್ಲೆಂಡಿನಿಂದ ಬವೇರಿಯಾಕ್ಕೆ ಬಂದಿದ್ದ ವರ್ಜಿಲ್ ಎಂಬ ಪಾದ್ರಿ. ಜರ್ಮನ್ ನಾಡಿನ ಧರ್ಮಪ್ರಚಾರದ ಹೊಣೆ ಹೊತ್ತಿದ್ದ ಬೋನಿಫೇಸನಿಗೂ ಇವನಿಗೂ ಮೊದಲೇ ಸರಿಯಿರಲಿಲ್ಲ. ಲ್ಯಾಟಿನ್ ಸರಿಯಾಗಿ ಬಾರದ ಪಾದ್ರಿಯೊಬ್ಬ ದೀಕ್ಷಾಸ್ನಾನದ ಮಂತ್ರವನ್ನು ತಪ್ಪುತಪ್ಪಾಗಿ ಉಚ್ಚರಿಸಿದನೆಂದು, ಆ ಜನರಿಗೆಲ್ಲ ಮತ್ತೊಮ್ಮೆ ದೀಕ್ಷೆ ಕೊಡಬೇಕೆಂದು ಬೋನಿಫೇಸ್ ಆಜ್ಞೆ ಮಾಡಿದ್ದ. ವರ್ಜಿಲ್ ಇದರ ವಿರುದ್ಧ ಪೋಪ್ ಜಕಾರಿಗೆ ದೂರು ಒಯ್ದ. ವ್ಯಾಕರಣದ ತಪ್ಪಿನಿಂದ ದೀಕ್ಷೆ ಕೆಡುವುದಿಲ್ಲ ಎಂದು ಪೋಪ್ ವರ್ಜಿಲನ ಪರವಾಗಿ ತೀರ್ಪಿತ್ತರು. ಬೋನಿಫೇಸನಿಗೆ ಇದು ಮುಖಭಂಗ.

ಮುಂದೆ ಬೋನಿಫೇಸನೇ ದೂರು ಬರೆದ. ಭೂಮಿಯ ಕೆಳಗೆ ಇನ್ನೊಂದು ಲೋಕವಿದೆ, ಅಲ್ಲಿ ಬೇರೆ ಜನರಿದ್ದಾರೆ ಎಂದು ವರ್ಜಿಲ್ ಬೋಧಿಸುತ್ತಿದ್ದಾನೆ ಎಂಬುದು ಆರೋಪ. 748ರಲ್ಲಿ ಪೋಪ್ ಕೊಟ್ಟ ಉತ್ತರ ಕಟುವಾಗಿಯೇ ಇತ್ತು. ಅವನು ಹೀಗೆ ಹೇಳಿದ್ದು ನಿಜವೆಂದು ಸಾಬೀತಾದರೆ ಪಾದ್ರಿ ಪದವಿಯನ್ನು ಕಿತ್ತುಕೊಂಡು ಚರ್ಚಿನಿಂದ ಹೊರಗೆ ಹಾಕಬೇಕು ಎಂದಿತು ಅದು. ವರ್ಜಿಲ್ ನಿಜಕ್ಕೂ ಹೇಳಿದ್ದೇನೆಂಬುದು ಅವನ ಬಾಯಲ್ಲೇ ಕೇಳಲು ಇಂದು ಸಿಗುವುದಿಲ್ಲ, ಉಳಿದಿರುವುದು ಎದುರು ಪಕ್ಷದ ಮಾತಿನ ಮೇಲೆ ಬರೆದ ಪೋಪರ ಪತ್ರ ಮಾತ್ರ. ಐರಿಷ್ ಜನಪದದ ಪಾತಾಳ ಕಥೆಗಳನ್ನೇ ಅವನು ಹೇಳಿರಬಹುದು ಎಂಬ ಊಹೆಯೂ ವಿದ್ವಾಂಸರಲ್ಲಿದೆ. ಏನೇ ಇರಲಿ, ವರ್ಜಿಲನ ಪದವಿ ಹೋಗಲಿಲ್ಲ. ಅವನು ಸಾಲ್ಜ್‌ಬರ್ಗ್ ನಗರದ ಬಿಷಪ್ ಆದ, ಅಲ್ಲಿ ಮೊದಲ ಮಹಾ ದೇಗುಲವನ್ನು ಕಟ್ಟಿಸಿದ, 784ರಲ್ಲಿ ತೀರಿಕೊಂಡ. 1233ರಲ್ಲಿ ಚರ್ಚ್ ಅವನನ್ನು ಸಂತನೆಂದು ಘೋಷಿಸಿತು. ಬೋನಿಫೇಸನೂ ಸಂತನೇ. ವಾದಿ-ಪ್ರತಿವಾದಿಗಳಿಬ್ಬರಿಗೂ ಈಗ ಒಂದೇ ಪಂಕ್ತಿ.

ಹಿಂದುಮುಂದಾದ ಪಾದಗಳು

ಇಷ್ಟೆಲ್ಲ ನಡೆಯುತ್ತಿರುವಾಗ ಪದವೇ ಒಂದು ವಿಚಿತ್ರ ತಿರುವು ಪಡೆಯಿತು. 7ನೇ ಶತಮಾನದಲ್ಲಿ ಸೆವಿಲ್ ನಗರದ ಬಿಷಪ್ ಇಸಿಡೋರ್ ಬರೆದ ಪದಕೋಶ ಮಧ್ಯಯುಗದ ಯುರೋಪಿನಲ್ಲಿ ಮನೆಮಾತಾಗಿತ್ತು. ಅದರಲ್ಲಿ ಒಂದು ಕಡೆ ಭೂಮಿಯ ಆಚೆ ಬದಿಯ ಜನರನ್ನು ಅಲ್ಲಗಳೆದ ಇಸಿಡೋರ್, ಇನ್ನೊಂದು ಕಡೆ ವಿಕಾರ ಜನಾಂಗಗಳ ಪಟ್ಟಿಯಲ್ಲಿ ಇದೇ ಹೆಸರನ್ನು ಬೇರೆಯವರಿಗೆ ಕೊಡುತ್ತಾನೆ. ಅವರಿರುವುದು ಲಿಬಿಯಾದಲ್ಲಿ, ಅವರ ಪಾದಗಳು ಹಿಂದುಮುಂದಾಗಿವೆ, ಒಂದೊಂದು ಪಾದಕ್ಕೆ ಎಂಟೆಂಟು ಬೆರಳು! 'ಎದುರು ಪಾದ' ಎನ್ನುವುದನ್ನು ಅಕ್ಷರಶಃ 'ತಿರುಗಿದ ಪಾದ' ಎಂದು ಓದಿಕೊಂಡರೆ ಹೀಗಾಗುತ್ತದೆ.

ಈ ಎಂಟು ಬೆರಳಿನ ಜನ ಬಂದದ್ದೆಲ್ಲಿಂದ ಎಂದು ಹುಡುಕಿದರೆ ಜಾಡು ಭಾರತಕ್ಕೇ ಬಂದು ನಿಲ್ಲುತ್ತದೆ. ಚಂದ್ರಗುಪ್ತ ಮೌರ್ಯನ ಕಾಲಕ್ಕೆ ರಾಯಭಾರಿಯಾಗಿ ಬಂದಿದ್ದ ಮೆಗಾಸ್ತನೀಸ್ ಇಲ್ಲಿಯ ಬೆಟ್ಟವೊಂದರಲ್ಲಿ ಹಿಂದಕ್ಕೆ ತಿರುಗಿದ, ಎಂಟು ಬೆರಳಿನ ಪಾದದ ಜನರಿದ್ದಾರೆಂದು ಬರೆದಿದ್ದನ್ನು ಪ್ಲಿನಿ ಎತ್ತಿ ಹೇಳಿದ್ದಾನೆ. ಭಾರತದ ಬೆಟ್ಟದಲ್ಲಿದ್ದವರು ಇಸಿಡೋರನ ಹೊತ್ತಿಗೆ ಆಫ್ರಿಕಕ್ಕೆ ವಲಸೆ ಹೋಗಿದ್ದರು, ಅಷ್ಟೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ಕರ್ನಾಟಕದ ಹಳ್ಳಿಗಳಲ್ಲಿ ಅಜ್ಜಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಗ್ರೀಕ್ ರಾಯಭಾರಿ ಕೇಳಿಸಿಕೊಂಡದ್ದು ಅಂಥದೇ ಯಾವುದೋ ಕಥೆಯಿರಬೇಕು. ದೂರದ ಜನರನ್ನು ಕಾಣದೆಯೇ ಬಣ್ಣಿಸಹೊರಟವರಿಗೆ ಪಾದ ತಿರುಗಿಸುವುದು ಸುಲಭದ ಉಪಾಯ.

ಕಡಲು ದಾಟಿದ ಮೇಲೆ

15ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಆಫ್ರಿಕದ ಕರಾವಳಿ ಹಿಡಿದು ಭೂಮಧ್ಯರೇಖೆಯನ್ನು ದಾಟಿದವು, ಯಾರೂ ಸುಟ್ಟುಹೋಗಲಿಲ್ಲ. 1492ರಲ್ಲಿ ಕೊಲಂಬಸ್ ಸಾಗರದಾಚೆಗೆ ನೆಲವನ್ನೂ ಜನರನ್ನೂ ಕಂಡ. 1522ರಲ್ಲಿ ಮೆಗಲಾನನ ತಂಡದ ಅಳಿದುಳಿದವರು ಭೂಮಿಯನ್ನು ಒಂದು ಸುತ್ತು ಹಾಕಿ ಸ್ಪೇನಿಗೆ ಮರಳಿದರು. ಕೊಲಂಬಸನ ಕಾಲದವರೆಲ್ಲ ಭೂಮಿ ಚಪ್ಪಟೆಯೆಂದು ನಂಬಿದ್ದರು ಎಂಬ ಕಥೆ ಮಾತ್ರ ತೀರ ಇತ್ತೀಚಿನದು. ಅದನ್ನು ಜನಪ್ರಿಯಗೊಳಿಸಿದ್ದು 1828ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ಬರೆದ ಕೊಲಂಬಸನ ಜೀವನಚರಿತ್ರೆ. ಓದುಬರಹ ಬಲ್ಲ ಯುರೋಪಿಯನ್ನರಿಗೆ ಗೋಳದ ವಿಷಯದಲ್ಲಿ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಗೋಳದ ಆಚೆಯ ಜನರ ಬಗ್ಗೆ.

ಆ ಸಂಶಯಕ್ಕೆ ಬೆಲೆ ತೆತ್ತವರು ಅಮೆರಿಕದ ಮೂಲನಿವಾಸಿಗಳು. ಅವರಿಗೆ ಆತ್ಮವಿದೆಯೇ, ಅವರನ್ನು ಗುಲಾಮರನ್ನಾಗಿ ದುಡಿಸಿಕೊಳ್ಳಬಹುದೇ ಎಂಬ ಚರ್ಚೆ ಸ್ಪೇನಿನಲ್ಲಿ ಗಂಭೀರವಾಗಿಯೇ ನಡೆಯಿತು. ಇವರೂ ನಿಜವಾದ ಮನುಷ್ಯರೇ, ಇವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಪೋಪ್ ಮೂರನೇ ಪಾಲ್ 1537ರಲ್ಲಿ ಆಜ್ಞಾಪತ್ರ ಹೊರಡಿಸಬೇಕಾಯಿತು. ಹೀಗೊಂದು ಆಜ್ಞೆ ಬೇಕಾಯಿತೆಂಬುದೇ ಆಗಿನ ಪರಿಸ್ಥಿತಿಯನ್ನು ಹೇಳುತ್ತದೆ. ಆಜ್ಞೆ ಹೊರಟ ಮೇಲೂ ಗಣಿಗಳಲ್ಲಿ, ತೋಟಗಳಲ್ಲಿ ಬಲವಂತದ ದುಡಿಮೆ ನಿಲ್ಲಲಿಲ್ಲ.

ಅಗಸ್ಟೀನನ ಪ್ರಶ್ನೆಗೆ ನೇರ ಉತ್ತರ ಕೊಟ್ಟವನು ಪೆರುವಿನಲ್ಲಿದ್ದ ಜೆಸ್ಯುಟ್ ಪಾದ್ರಿ ಹೊಸೆ ದ ಅಕೋಸ್ಟಾ. 1590ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಉರಿಯುವ ವಲಯದ ಬಗ್ಗೆ ಓದಿ ಓದಿ ಹೆದರಿಕೊಂಡೇ ಹಡಗು ಹತ್ತಿದ್ದ ಅವನಿಗೆ, ಸೂರ್ಯ ನೆತ್ತಿಯ ಮೇಲಿದ್ದಾಗಲೂ ಅಲ್ಲಿ ಚಳಿಯಾಯಿತಂತೆ. ಬಿಸಿಲು ಕಾಯಿಸಿಕೊಳ್ಳುತ್ತ ಅವನು ಅರಿಸ್ಟಾಟಲನನ್ನು ನೆನೆದು ನಕ್ಕನಂತೆ. ಅಮೆರಿಕದ ಜನ ಸಾಗರ ದಾಟಿ ಬಂದವರಲ್ಲ, ಎಲ್ಲೋ ಒಂದು ಕಡೆ ಹಳೆಯ ಖಂಡಕ್ಕೆ ಹೊಂದಿಕೊಂಡ ಅಥವಾ ತೀರ ಹತ್ತಿರವಾದ ನೆಲದ ಮೂಲಕ ಬಂದಿರಬೇಕು ಎಂದು ಅವನು ಊಹಿಸಿದ. ಅಲ್ಲಿಗೆ ಅವರೂ ಆದಮನ ಮಕ್ಕಳಾದರು. ಏಷ್ಯಾದ ಈಶಾನ್ಯ ತುದಿಯಿಂದ ಅಲಾಸ್ಕಕ್ಕೆ ಮನುಷ್ಯರು ದಾಟಿ ಹೋದರೆಂದು ಇಂದಿನ ವಿಜ್ಞಾನ ಹೇಳುತ್ತದೆ. ಬೇರಿಂಗ್ ಜಲಸಂಧಿ ಯುರೋಪಿನ ನಕ್ಷೆಗಳಿಗೆ ಬರುವ ಎಷ್ಟೋ ಮೊದಲು ಅಕೋಸ್ಟಾ ಕಟ್ಟಿದ ಈ ಊಹೆ ಅಚ್ಚರಿ ತರುವಂಥದ್ದು.

ಇಂಗ್ಲಿಷಿನಲ್ಲಿ ಪದದ ಅರ್ಥ ಬದಲಾದದ್ದೂ ಈ ಹೊತ್ತಿಗೇ. 1590ರ ದಶಕದ ಶೇಕ್ಸ್‌ಪಿಯರನ 'ಆರನೇ ಹೆನ್ರಿ' ನಾಟಕದ ಮೂರನೆಯ ಭಾಗದಲ್ಲಿ ಯಾರ್ಕಿನ ದೊರೆ ರಾಣಿ ಮಾರ್ಗರೆಟಳನ್ನು ಬೈಯುವಾಗ, ನಮಗೆ ಆ ಎದುರು ಪಾದದವರು ಎಷ್ಟು ವಿರುದ್ಧವೋ ಒಳ್ಳೆಯದಕ್ಕೆಲ್ಲ ನೀನು ಅಷ್ಟು ವಿರುದ್ಧ ಎಂಬರ್ಥದಲ್ಲಿ ಈ ಪದವನ್ನು ಬಳಸುತ್ತಾನೆ. ಭೂಗೋಳದ ಪದ ಬೈಗುಳಕ್ಕೆ ಬಂತು. 1638ರ ಹೊತ್ತಿಗೆ ರಿಚರ್ಡ್ ಬ್ರೋಮ್ ಎಂಬಾತ ಇದೇ ಹೆಸರಿನ ನಗೆನಾಟಕವನ್ನೇ ಬರೆದ. ಅದರಲ್ಲಿ ಲಂಡನ್ನಿಗೆ ನೇರ ಹಿಂಬದಿಯಲ್ಲೊಂದು ತಲೆಕೆಳಗಾದ ಲಂಡನ್ ಇದೆ. ಆಳುಗಳು ಧಣಿಗಳನ್ನು ಆಳುತ್ತಾರೆ, ಹೆಂಡಂದಿರು ಗಂಡಂದಿರನ್ನು ಆಳುತ್ತಾರೆ, ವಕೀಲರು ಪ್ರಾಮಾಣಿಕರು. ನೋಡುಗರು ನಕ್ಕದ್ದು ಅಲ್ಲಿಯವರನ್ನು ಕಂಡೋ ಇಲ್ಲಿಯವರನ್ನು ನೆನೆದೋ ಹೇಳುವುದು ಕಷ್ಟ. ಮುಂದೆ ಬ್ರಿಟಿಷರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನು ಇದೇ ಹೆಸರಿನಿಂದ ಕರೆದರು. ಅಲ್ಲಿ ಹುಟ್ಟಿ ಬೆಳೆದವರೂ ತಮ್ಮ ಊರನ್ನು ಲಂಡನ್ನಿನ ಅಂಗಾಲಿನಿಂದ ಗುರುತಿಸಿಕೊಳ್ಳಬೇಕಾಯಿತು.

ನಕ್ಷೆ ಹಿಡಿದು ನೋಡಿದರೆ ಈ ಹೆಸರು ಅಷ್ಟೇನೂ ನಿಖರವಲ್ಲ. ಒಂದು ಊರಿನ ನೇರ ಆಚೆ ಬದಿ ಕಂಡುಹಿಡಿಯುವ ಲೆಕ್ಕ ಸುಲಭ: ಅಕ್ಷಾಂಶದ ಉತ್ತರವನ್ನು ದಕ್ಷಿಣ ಮಾಡಿ, ರೇಖಾಂಶವನ್ನು 180ರಿಂದ ಕಳೆದು ಪೂರ್ವವನ್ನು ಪಶ್ಚಿಮ ಮಾಡಿದರಾಯಿತು. ಹಾಗೆ ಮಾಡಿದರೆ ನ್ಯೂಜಿಲೆಂಡ್‌ನ ಬೆನ್ನಿಗಿರುವುದು ಬ್ರಿಟನ್ ಅಲ್ಲ, ಸ್ಪೇನ್. ಬೆಂಗಳೂರಿನದು ಪೆಸಿಫಿಕ್ ಸಾಗರದಲ್ಲಿ, ಪೆರು ಕರಾವಳಿಯಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆ, ಬರೀ ನೀರು. ಕರ್ನಾಟಕದ ಯಾವ ಊರಿನಲ್ಲಿ ಬಾವಿ ತೋಡುತ್ತ ಹೋದರೂ ಗತಿ ಇದೇ. ರಾಜಸ್ಥಾನದ ಜೈಸಲ್ಮೇರ್ ಕಡೆಯ ಮರಳುಗಾಡಿಗೆ ಮಾತ್ರ ಅದೃಷ್ಟವಿದೆ. ಅದರ ಆಚೆ ಬದಿಗೆ ದೈತ್ಯ ಕಲ್ಲಿನ ಮೊಗಗಳಿಗೆ ಹೆಸರಾದ ಈಸ್ಟರ್ ದ್ವೀಪವಿದೆ.

ಲಂಡನ್ನಿನ ನೇರ ಎದುರಿಗೂ ನೀರೇ. ಅದಕ್ಕೆ ಸಾಕಷ್ಟು ಹತ್ತಿರವೆನ್ನಬಹುದಾದ ನೆಲವೊಂದನ್ನು 1800ರ ಮಾರ್ಚ್‌ನಲ್ಲಿ ಬ್ರಿಟಿಷ್ ನೌಕಾಪಡೆಯ 'ರಿಲಯನ್ಸ್' ಹಡಗಿನ ಕ್ಯಾಪ್ಟನ್ ಹೆನ್ರಿ ವಾಟರ್‌ಹೌಸ್ ನ್ಯೂಜಿಲೆಂಡ್‌ನ ಆಗ್ನೇಯಕ್ಕೆ ಕಂಡ. ಪ್ರಾಮಾಣಿಕ ಮನುಷ್ಯ, ಅದಕ್ಕೆ 'ಪೆನ್‌ಆಂಟಿಪೊಡೀಸ್', ಅಂದರೆ 'ಬಹುಮಟ್ಟಿಗೆ ಎದುರು ಪಾದ' ಎಂದು ಹೆಸರಿಟ್ಟ. ಆಮೇಲಿನವರು 'ಬಹುಮಟ್ಟಿಗೆ' ಎಂಬುದನ್ನು ಕೈಬಿಟ್ಟರು.

ಎರಡು ಸಾವಿರ ವರ್ಷ ಪಂಡಿತರು ಜನರನ್ನು ಹುಡುಕಿದ ಆ ಹೆಸರಿನ ದ್ವೀಪದಲ್ಲಿ ಜನವಸತಿಯೇ ಇಲ್ಲ. ಸೀಲ್ ಬೇಟೆಗಾರರು ಬಂದು ಹೋದರು. 1893ರಲ್ಲಿ 'ಸ್ಪಿರಿಟ್ ಆಫ್ ದ ಡಾನ್' ಎಂಬ ಹಡಗು ಅಲ್ಲಿ ಒಡೆದಾಗ ಬದುಕುಳಿದ 11 ನಾವಿಕರು ಸುಮಾರು 3 ತಿಂಗಳು ಹಸಿ ಹಕ್ಕಿಮಾಂಸ, ಗೆಡ್ಡೆ, ಚಿಪ್ಪುಮೀನು ತಿಂದು ಜೀವ ಹಿಡಿದರು. ಇಂಥ ನಿರಾಶ್ರಿತರಿಗೆಂದೇ ನ್ಯೂಜಿಲೆಂಡ್ ಸರ್ಕಾರ ಆಹಾರ, ಬಟ್ಟೆ ತುಂಬಿಸಿಟ್ಟಿದ್ದ ಗುಡಿಸಲೊಂದು ಅದೇ ದ್ವೀಪದಲ್ಲಿತ್ತು. ಕೊನೆಗೆ ಸರ್ಕಾರದ ಹಡಗೊಂದು ಬಂದು ಅವರನ್ನು ಕರೆದೊಯ್ಯುವವರೆಗೂ ಅದು ಅವರಿಗೆ ಸಿಕ್ಕಿರಲಿಲ್ಲ; ಇದ್ದದ್ದು ದ್ವೀಪದ ಬೇರೊಂದು ಬದಿಯಲ್ಲಿ.

ಈಗ ಅಲ್ಲಿರುವುದು ಪೆಂಗ್ವಿನ್, ಆಲ್ಬಟ್ರಾಸ್ ಮತ್ತು ಅಲ್ಲಿ ಬಿಟ್ಟು ಬೇರೆಲ್ಲೂ ಕಾಣದ ಒಂದು ಜಾತಿಯ ಹಸಿರು ಗಿಣಿ. ಹಡಗುಗಳ ಜೊತೆ ಬಂದು ಸೇರಿದ್ದ ಇಲಿಗಳು ಹಕ್ಕಿಗಳ ಪಾಲಿನ ಹುಳುಹುಪ್ಪಟೆಯನ್ನೆಲ್ಲ ತಿಂದು ಮುಗಿಸುತ್ತಿದ್ದವು. 2016ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಉಂಡೆ ಉದುರಿಸಿ, 2018ರಲ್ಲಿ ದ್ವೀಪ ಇಲಿಮುಕ್ತವಾಯಿತೆಂದು ಘೋಷಿಸಲಾಯಿತು.